ಕಲ್ಲಿನ ಕಣಿವೆಯ ಮಕ್ಕಳು: ಓಬರ್ಲೀನ್ ಪಾದ್ರಿಗಳ ಜೀವಚರಿತ್ರೆ

ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಮಾತು ಆಗಾಗ್ಗೆ ಕಿವಿಗೆ ಬೀಳುತ್ತದೆ. ನಾವು ಬಡವರು, ನಮ್ಮ ಮಕ್ಕಳು ಇನ್ನೂ ಎಳೆಯರು. ಅವರು ಓದಿ ದೊಡ್ಡವರಾಗಿ ಸಂಬಳ ತರುವಂಥವರಾದ ಮೇಲೆ ಊರಿಗೂ ಸಭೆಗೂ ಕೊಡುವದನ್ನು ಕಲಿಯಲಿ, ಈಗ ಅವರ ಕೈಯಲ್ಲಿ ಕೊಡತಕ್ಕದ್ದು ಏನಿದೆ ಎಂಬದೇ ಆ ಮಾತು. ಇದು ಸರಿಯೋ ತಪ್ಪೋ ಎಂದು ವಾದಮಾಡುವದಕ್ಕಿಂತ, ನಮಗಿಂತಲೂ ಬಡತನದಲ್ಲಿದ್ದ ಒಂದು ಬೆಟ್ಟದ ಸೀಮೆಯಲ್ಲಿ ಐವತ್ತೊಂಭತ್ತು ವರುಷ ಸಭಾಪಾಲಕರಾಗಿದ್ದ ಒಬ್ಬ ದೇವಸೇವಕರ ಚರಿತ್ರೆಯನ್ನು ತಿಳಿದುಕೊಳ್ಳುವದು ಒಳ್ಳೇದು. ಅವರೇ ಓಬರ್ಲೀನ್ ಪಾದ್ರಿಗಳು.

ಫ್ರಾನ್ಸ್ ದೇಶದ ಮೂಡಣ ಅಂಚಿನಲ್ಲಿ ಅಲ್ಸಾಸ್ ಎಂಬ ಸೀಮೆಯುಂಟು. ಅಲ್ಲಿಯ ವೋಜ್ ಬೆಟ್ಟಗಳ ಮಡಿಲಲ್ಲಿ ಐದು ಸಣ್ಣ ಊರುಗಳೂ ಕೆಲವು ಕೊಪ್ಪಲುಗಳೂ ಸೇರಿದ ಒಂದು ಸಭೆ ಇತ್ತು. ವಾಲ್ಡರ್ಸ್‌ಬಾಕ್, ಫೂದೇ, ಬೆಲ್‌ಮೋಂ, ಬೆಲ್‌ಫೋಸ್, ಸೋಲ್‌ಬಾಕ್ ಎಂಬವೇ ಆ ಊರುಗಳು. ಆ ಕಣಿವೆಗೆ ಜರ್ಮನ್ ಭಾಷೆಯಲ್ಲಿ ಷ್ಟೈನ್‌ಟಾಲ್ ಎಂದು ಹೆಸರು. ಕಲ್ಲಿನ ಕಣಿವೆ ಎಂದು ಅದರ ಅರ್ಥ. ಹೆಸರಿಗೆ ತಕ್ಕಂತೆ ನೆಲವೆಲ್ಲಾ ಕಲ್ಲು, ಚಳಿಗಾಲವು ದೀರ್ಘ, ಹಿಮವು ಬಹಳ. ಹಿಂದೆ ನಡೆದ ಯುದ್ಧಗಳಲ್ಲಿ ಆ ಊರುಗಳು ಹಾಳಾಗಿ ಹೋಗಿದ್ದವು. ಹೊರಗಿನ ಪೇಟೆಗೆ ಹೋಗುವದಕ್ಕೆ ಗಾಡಿಯ ದಾರಿ ಇರಲಿಲ್ಲ; ಬ್ರೂಷ್ ಎಂಬ ಹೊಳೆಯನ್ನು ದಾಟುವದಕ್ಕೆ ತಕ್ಕ ಸೇತುವೆ ಇರಲಿಲ್ಲ. ಜನರು ತಮ್ಮದೇ ಒಂದು ಒರಟು ಮಾತನ್ನು ಆಡುತ್ತಿದ್ದದರಿಂದ ಹೊರಗಿನವರ ಸಂಗಡ ಬೆರೆಯುವದೂ ಕಷ್ಟವಾಗಿತ್ತು.

1750 ರಲ್ಲಿ ಷ್ಟೂಬರ್ ಎಂಬ ಪಾದ್ರಿಗಳು ಆ ಸಭೆಗೆ ಬಂದು ಮೊದಲು ಶಾಲೆಯನ್ನು ನೋಡಹೋದರು. ಒಂದು ಮುರುಕು ಗುಡಿಸಲಿನಲ್ಲಿ ಮಕ್ಕಳು ಗದ್ದಲಮಾಡಿಕೊಂಡು ಗುಂಪಾಗಿದ್ದರು. ಒಬ್ಬ ಮುದುಕನು ಮೂಲೆಯಲ್ಲಿ ಮಲಗಿದ್ದನು. ಅವನೇ ಉಪಾಧ್ಯಾಯನು. ಏನು ಕಲಿಸುತ್ತೀ ಎಂದು ವಿಚಾರಿಸಿದಾಗ, ತನಗೆ ಏನೂ ಬಾರದೆಂದು ಅವನು ಒಪ್ಪಿಕೊಂಡನು. ಮೊದಲು ಅವನು ಊರಿನ ಹಂದಿಗಳನ್ನು ಕಾಯುತ್ತಿದ್ದನಂತೆ; ಮುಪ್ಪಾಗಿ ಅದಕ್ಕೆ ಶಕ್ತಿ ಸಾಲದೆ ಹೋದಾಗ ಮಕ್ಕಳನ್ನು ಕಾಯುವದಕ್ಕೆ ಅವನನ್ನು ಇಟ್ಟಿದ್ದರು. ಷ್ಟೂಬರರು ಬಹು ಪ್ರಯಾಸಪಟ್ಟು ಓದುಬರಹವನ್ನು ನೆಲೆಗೊಳಿಸಿದರು, ಓದುವ ಪುಸ್ತಕಗಳನ್ನು ತರಿಸಿ ಮನೆಮನೆಗೆ ಎರವಲು ಕೊಟ್ಟರು. ಅವರು 1767 ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣಕ್ಕೆ ವರ್ಗವಾದಾಗ ಈ ಕೆಲಸವನ್ನು ಕೈಬಿಡದೆ ನಡಿಸುವವರು ಯಾರೆಂದು ಹುಡುಕಿದರು.

ಹುಡುಕಿ ಕಂಡುಕೊಂಡವರು ಆ ಪಟ್ಟಣದಲ್ಲಿಯೇ 1740 ನೇ ಆಗಸ್ಟ್ 31 ರಂದು ಹುಟ್ಟಿದ ಯೋಹಾನ್ ಫ್ರೀಡ್ರಿಕ್ ಓಬರ್ಲೀನರು. ಅವರ ಬಾಲ್ಯದ ಸಂಗತಿಗಳನ್ನು ಇಲ್ಲಿ ಸ್ವಲ್ಪ ಹೇಳಬೇಕು, ಯಾಕಂದರೆ ಅವರು ಮುಂದೆ ಬೇರೆಯವರ ಮಕ್ಕಳಿಗೆ ಕಲಿಸಿದ್ದನ್ನು ತಾವು ಮೊದಲು ತಂದೆಯ ಮನೆಯಲ್ಲಿ ಕಲಿತಿದ್ದರು. ತಂದೆಯು ಶಾಲೆಯ ಉಪಾಧ್ಯಾಯರು. ಮಕ್ಕಳು ಒಂಭತ್ತು ಮಂದಿ, ವರಮಾನ ಸ್ವಲ್ಪ. ಆದರೂ ಶನಿವಾರ ಶನಿವಾರ ಪ್ರತಿಯೊಬ್ಬ ಮಗುವಿಗೂ ಎರಡು ಸಣ್ಣ ಕಾಸುಗಳನ್ನು ಕೊಡುತ್ತಿದ್ದರು. ಬಾಲಕ ಫ್ರೀಡ್ರಿಕನು ಅವುಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಡುವನು. ದರ್ಜಿಯಾಗಲಿ ಚಮ್ಮಾರನಾಗಲಿ ಲೆಕ್ಕದ ಚೀಟಿಯನ್ನು ತಂದಾಗ ತಂದೆಯ ಮುಖ ಬಾಡಿದರೆ, ಅವನು ಓಡಿಹೋಗಿ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲಾ ತಂದೆಯ ಕೈಯಲ್ಲಿ ಸುರಿದುಬಿಡುವನು. ಒಂದು ದಿನ ತುಂಟ ಹುಡುಗರು ಹಳ್ಳಿಯ ಹೆಂಗಸೊಬ್ಬಳ ತಲೆಯ ಮೇಲಿದ್ದ ತತ್ತಿಯ ಬುಟ್ಟಿಯನ್ನು ಕೆಡವಿದರು. ಇವನು ಅವರನ್ನು ಗದರಿಸಿದ್ದಲ್ಲದೆ ಮನೆಗೆ ಓಡಿ ತನ್ನ ಪೆಟ್ಟಿಗೆಯನ್ನು ಬರಿದುಮಾಡಿ ಆಕೆಯ ನಷ್ಟವನ್ನು ತುಂಬಿದನು. ಇನ್ನೊಂದು ಸಾರಿ ಹಳೇ ಬಟ್ಟೆಯ ಅಂಗಡಿಯ ಮುಂದೆ ಬಡ ಹೆಂಗಸೊಬ್ಬಳು ಹಣ ಸಾಲದೆ ಹಿಂದಿರುಗುವದನ್ನು ಕಂಡು, ಕಡಿಮೆಬಿದ್ದ ಕಾಸನ್ನು ವ್ಯಾಪಾರಿಯ ಕೈಗೆ ಕೊಟ್ಟು, ಆಕೆಯನ್ನು ಕರೆದು ಬಟ್ಟೆ ಕೊಡುವಂತೆ ಕೇಳಿಕೊಂಡು, ಉಪಕಾರಸ್ಮರಣೆಗೆ ನಿಲ್ಲದೆ ಓಡಿಹೋದನು. ಇವುಗಳಲ್ಲಿ ಒಂದನ್ನಾದರೂ ಮಾಡೆಂದು ಯಾರೂ ಅವನಿಗೆ ಅಪ್ಪಣೆಕೊಟ್ಟಿರಲಿಲ್ಲ. ಕೊಡುವದಕ್ಕೆ ಸ್ವಂತವಾದದ್ದು ಸ್ವಲ್ಪವಿತ್ತು, ಕೊಡುವ ತಂದೆಯನ್ನು ಮನೆಯಲ್ಲಿ ನೋಡುತ್ತಿದ್ದನು. ಇಷ್ಟೇ ಅವನಿಗೆ ಸಾಕಾಯಿತು.

ಷ್ಟೂಬರರು ಹೋಗಿ ನೋಡಿದಾಗ ಯೌವನಸ್ಥರಾದ ಓಬರ್ಲೀನರು ಒಂದು ಅಟ್ಟದ ಕೋಣೆಯಲ್ಲಿ ವಾಸವಾಗಿದ್ದರು. ಮಂಚಕ್ಕೆ ಬಟ್ಟೆಯ ಪರದೆಗೆ ಬದಲಾಗಿ ಕಾಗದ ಅಂಟಿಸಿತ್ತು. ದೀಪದ ಮೇಲೆ ತೂಗಹಾಕಿದ ಒಂದು ಕಬ್ಬಿಣದ ಪಾತ್ರೆಯಲ್ಲಿ ರಾತ್ರಿಯ ಊಟ ಬೇಯುತ್ತಿತ್ತು. ಬಡತನಕ್ಕೆ ಅಂಜದ ಇಂಥವನೇ ಕಲ್ಲಿನ ಕಣಿವೆಗೆ ಬೇಕಾದವನೆಂದು ಅವರಿಗೆ ತೋಚಿತು. ಓಬರ್ಲೀನರು ಅದೇ ವರುಷ ವಾಲ್ಡರ್ಸ್‌ಬಾಕಿಗೆ ಬಂದರು. ಮರುವರುಷ ಮದಲೇನಾ ಸಾಲೋಮೆ ವಿಟ್ಟರ್ ಎಂಬ ಭಕ್ತಿವಂತಳನ್ನು ಮದುವೆಯಾದರು.

ಜನರು ಈ ಹೊಸ ಪಾದ್ರಿಗಳನ್ನು ಸಂತೋಷದಿಂದ ಸೇರಿಸಿಕೊಂಡರೆಂದು ನೆನಸಬಾರದು. ನೂತನ ಪದ್ಧತಿಗಳನ್ನು ತರುತ್ತಾರೆಂದು ಕೆಲವರು ಸಿಟ್ಟುಗೊಂಡು, ದಾರಿಯಲ್ಲಿ ಅವರನ್ನು ಹಿಡಿದು ಹೊಡೆಯಬೇಕೆಂದು ಗುಟ್ಟಾಗಿ ಮಾತಾಡಿಕೊಂಡರು. ಅದು ಓಬರ್ಲೀನರಿಗೆ ಗೊತ್ತಾಯಿತು. ಆ ಭಾನುವಾರ ಅವರು ಕೇಡಿಗೆ ಕೇಡುಮಾಡದೆ ತಾಳಿಕೊಳ್ಳುವದನ್ನು ಕುರಿತು ಪ್ರಸಂಗಮಾಡಿದರು. ಆರಾಧನೆ ಮುಗಿದ ಮೇಲೆ ಅವರು ಒಬ್ಬರೇ ಆ ಜನರು ಕೂಡಿದ್ದ ಮನೆಗೆ ಹೋಗಿ, ಹೊಂಚುಹಾಕುವ ತೊಂದರೆಯನ್ನೂ ಅದರ ಪಾಪವನ್ನೂ ಅವರಿಗೆ ತಪ್ಪಿಸುವದಕ್ಕೆ ತಾವೇ ಬಂದಿರುವದಾಗಿ ತಿಳಿಸಿ ನಿಂತರು. ಅವರು ನಾಚಿ ಕ್ಷಮೆ ಬೇಡಿದರು.

ಮಾತಿಗಿಂತ ಕೈಯ ಕೆಲಸವೇ ಈ ಜನರಿಗೆ ಹೆಚ್ಚಾಗಿ ಬೋಧಿಸುವದೆಂದು ಓಬರ್ಲೀನರು ತಿಳಿದುಕೊಂಡರು. ಹೊರಗಿನ ಹೆದ್ದಾರಿಯ ವರೆಗೆ ಬಂಡೆಗಳನ್ನು ಒಡೆದು ದಾರಿ ಮಾಡಿ ಹೊಳೆಗೆ ಸೇತುವೆ ಕಟ್ಟಬೇಕೆಂದು ಅವರು ಹೇಳಿದಾಗ, ಅದು ಆಗದ ಕೆಲಸವೆಂದು ಎಲ್ಲರೂ ತಲೆಯಾಡಿಸಿದರು. ಅವರು ಹೆಚ್ಚು ಚರ್ಚೆಮಾಡಲಿಲ್ಲ. ಪಿಕಾಸಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಬಂಡೆಯನ್ನು ಅಗೆಯತೊಡಗಿದರು. ಪಾದ್ರಿಗಳ ಕೈಗೆ ಮುಳ್ಳು ತರಚುವದನ್ನೂ ಕಲ್ಲು ತಗಲುವದನ್ನೂ ನೋಡಿದ ಜನರು ಮನೆಯಲ್ಲಿ ನಿಲ್ಲಲಾರದೆ ಒಬ್ಬೊಬ್ಬರಾಗಿ ಹಾರೆ ಗುದ್ದಲಿಗಳನ್ನು ತೆಗೆದುಕೊಂಡು ಬಂದರು. ಸ್ಟ್ರಾಸ್‌ಬರ್ಗಿನ ಸ್ನೇಹಿತರು ಹಣವನ್ನೂ ಆಯುಧಗಳನ್ನೂ ಕಳುಹಿಸಿದರು. ದಾರಿಯಾಯಿತು; ರೋಥೋ ಎಂಬ ಊರಿನ ಬಳಿ ಹೊಳೆಗೆ ಸೇತುವೆಯೂ ಆಯಿತು. ಜನರು ಅದನ್ನು ಪ್ರೀತಿಯ ಸೇತುವೆ ಎಂದು ಕರೆದರು. ತಂದೆ ಕಲ್ಲು ಹೊರುವದನ್ನು ಕಂಡ ಮಗುವಿಗೆ ಊರಿನ ಕೆಲಸವೆಂದರೆ ಏನೆಂದು ಬೇರೆ ಪಾಠ ಹೇಳಬೇಕಾಗಿರಲಿಲ್ಲ.

ಆದರೆ ತಂದೆತಾಯಿಗಳು ಹೊಲದಲ್ಲಿಯೂ ದಾರಿಯಲ್ಲಿಯೂ ದುಡಿಯುತ್ತಿರುವಾಗ ಎಳೆಯ ಮಕ್ಕಳು ಏನು ಮಾಡಬೇಕು? ಕೆಸರಿನಲ್ಲಿ ಅಲೆದಾಡುತ್ತಾ ಸೋಮಾರಿತನವನ್ನೂ ಜಗಳವನ್ನೂ ಕಲಿಯುತ್ತಿದ್ದರು. ಈ ಕೊರತೆಯನ್ನು ನೀಗುವ ದಾರಿಯನ್ನು ತೋರಿಸಿಕೊಟ್ಟವಳು ಬೆಲ್‌ಮೋಂ ಊರಿನ ಸಾರಾ ಬಾಂಜೆ ಎಂಬ ರೈತರ ಹುಡುಗಿಯು. ಅವಳು ತಾನೇ ಊರ ಮಕ್ಕಳನ್ನು ಸೇರಿಸಿಕೊಂಡು ಉಣ್ಣೆಯ ಹೆಣಿಗೆಯನ್ನು ಕಲಿಸುತ್ತಿದ್ದಳು. ಪಾದ್ರಿಗಳೂ ಅಮ್ಮನವರೂ ಅದನ್ನು ಕೇಳಿ ಸಂತೋಷಪಟ್ಟು 1769 ರಲ್ಲಿ ಅವಳನ್ನು ಆ ಕೆಲಸಕ್ಕೆ ನೇಮಿಸಿದರು. ಅವಳು 1774 ರಲ್ಲಿ ಎಳೇ ಪ್ರಾಯದಲ್ಲಿಯೇ ತೀರಿಹೋದಳು. ಆದರೂ ಅವಳು ಹಚ್ಚಿದ ದೀಪ ಆರಲಿಲ್ಲ. ಬೇರೆ ಊರುಗಳಲ್ಲಿಯೂ ಇಂಥ ಹೆಣಿಗೆಯ ಕೋಣೆಗಳು ಎದ್ದವು. ಶಾಲೆಗೆ ಹೋಗುವ ವಯಸ್ಸಾಗದ ಕೂಸುಗಳಿಗೋಸ್ಕರ ಸ್ಥಾಪಿಸಲ್ಪಟ್ಟ ಶಾಲೆಗಳಲ್ಲಿ ಇವು ಮೊದಲಿನವುಗಳೆಂದು ಎಣಿಸಲ್ಪಟ್ಟಿವೆ. ಇಂಗ್ಲೆಂಡಿನವರೂ ಸ್ಕಾಟ್ಲೆಂಡಿನವರೂ ಅಂಥ ಶಾಲೆಗಳನ್ನು ತೆರೆಯುವದಕ್ಕೆ ಇನ್ನೂ ನಾಲ್ವತ್ತು ವರುಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಆ ಕೋಣೆಗಳಲ್ಲಿ ಮಕ್ಕಳನ್ನು ಗಾಣದ ಎತ್ತುಗಳ ಹಾಗೆ ದುಡಿಸುತ್ತಿರಲಿಲ್ಲ. ಸ್ವಲ್ಪ ಹೊತ್ತು ಹೆಣೆಯುವದು, ನೂಲುವದು, ಹೊಲಿಯುವದು. ಬೇಸರವಾದಾಗ ಸತ್ಯವೇದದ ಕಥೆಗಳು, ಪ್ರಾಣಿಗಳ ಮತ್ತು ಗಿಡಗಳ ಬಣ್ಣದ ಚಿತ್ರಗಳು, ಕೀರ್ತನೆಗಳು, ಆಟಗಳು. ತಮ್ಮ ಕಣಿವೆಯ ನಕ್ಷೆಯನ್ನು ತೋರಿಸಿ ಯಾವ ಊರು ಎಲ್ಲಿದೆ ಎಂದು ಕಲಿಸುತ್ತಿದ್ದರು. ಹೊರಗೆ ಕರಕೊಂಡು ಹೋಗಿ ಯಾವ ಸೊಪ್ಪು ತಿನ್ನತಕ್ಕದ್ದು, ಯಾವದು ವಿಷವುಳ್ಳದ್ದು, ಯಾವದು ಔಷಧಕ್ಕೆ ಬರುವದು ಎಂದು ತಿಳಿಸುತ್ತಿದ್ದರು. ತನ್ನ ಊರನ್ನು ಚೆನ್ನಾಗಿ ಅರಿಯದ ಮಗುವು ಅದನ್ನು ಪ್ರೀತಿಸಲಾರದು. ಪ್ರೀತಿಸದೆ ಇರುವ ಊರಿಗೋಸ್ಕರ ಯಾರೂ ಮನಃಪೂರ್ವಕವಾಗಿ ದುಡಿಯುವದಿಲ್ಲ.

ದೊಡ್ಡ ಮಕ್ಕಳಿಗೆ ಓಬರ್ಲೀನರು ಇಟ್ಟ ಕಟ್ಟಳೆಯು ಬಹಳ ಪ್ರಸಿದ್ಧವಾದದ್ದು. ದೃಢೀಕರಣಕ್ಕೆ ಬರುವ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ತಾನು ಎರಡು ಮರಗಳನ್ನು ನೆಟ್ಟಿದ್ದೇನೆಂಬದಕ್ಕೆ ಸಾಕ್ಷಿ ತರಬೇಕಾಗಿತ್ತು. ಇದನ್ನು ಅವರು ಒಂದೇ ಸಾರಿ ಮೇಲಿನಿಂದ ಹೇರಲಿಲ್ಲ. ಮೊದಲಿಗೆ ಹಣ್ಣಿನ ಗಿಡ ನೆಡಿರೆಂದು ಜನರಿಗೆ ಹೇಳಿದಾಗ, ಪಟ್ಟಣದಿಂದ ಬಂದ ಪಾದ್ರಿಗೆ ಒಕ್ಕಲುತನ ಏನು ಗೊತ್ತು ಎಂದು ಅವರು ಲಕ್ಷ್ಯಮಾಡಲಿಲ್ಲ. ಪಾದ್ರಿಮನೆಗೆ ಸೇರಿದ ಎರಡು ತೋಟಗಳಿದ್ದವು. ಊರವರು ನಡೆದಾಡುವ ಕಾಲುದಾರಿ ಅವುಗಳಲ್ಲಿಯೇ ಹಾದುಹೋಗುತ್ತಿತ್ತು. ಓಬರ್ಲೀನರು ತಮ್ಮ ಆಳಿನೊಂದಿಗೆ ಅಲ್ಲಿ ಆಳವಾದ ಗುಂಡಿಗಳನ್ನು ತೋಡಿ, ಒಳ್ಳೇ ಮಣ್ಣನ್ನು ತುಂಬಿಸಿ, ಹಣ್ಣಿನ ಗಿಡಗಳನ್ನು ನೆಟ್ಟರು. ಬರಡು ನೆಲದಲ್ಲಿ ಆ ಗಿಡಗಳು ಚಿಗುರಿ ಬೆಳೆಯುವದನ್ನು ದಿನಾಲು ಹಾದುಹೋಗುವವರು ನೋಡಿ, ಕಡೆಗೆ ತಾವೇ ಬಂದು ಆ ವಿದ್ಯೆಯನ್ನು ಕೇಳಿದರು. ಅವರು ಕಸಿ ಕಟ್ಟುವದನ್ನೂ ಕಲಿಸಿಕೊಟ್ಟರು. ಇದಾದ ಮೇಲೆಯೇ ಮಕ್ಕಳಿಗೆ ಎರಡು ಮರಗಳ ಕಟ್ಟಳೆ ಬಂತು. ವರುಷಗಳು ಕಳೆದ ಹಾಗೆ ಬೋಳಾಗಿದ್ದ ಮನೆಗಳ ಸುತ್ತಲು ತೋಪುಗಳು ಎದ್ದವು.

ಆ ಕಟ್ಟಳೆಯ ಒಳಗುಟ್ಟನ್ನು ನಾವು ಯೋಚಿಸಬೇಕು. ಹದಿನಾಲ್ಕು ಹದಿನೈದು ವರುಷದ ಮಗುವಿನ ಹತ್ತಿರ ಹಣವಿಲ್ಲ, ಹೊಲವಿಲ್ಲ. ಆದರೆ ಗುಂಡಿ ತೋಡುವ ಶಕ್ತಿಯುಂಟು, ನೀರು ಹೊತ್ತು ಹಾಕುವ ಶಕ್ತಿಯುಂಟು. ನೆಟ್ಟ ಗಿಡವು ಆ ದಿನವೇ ಹಣ್ಣು ಕೊಡುವದಿಲ್ಲ. ನೆಟ್ಟವರಿಗಿಂತ ಬಳಿಕ ಹುಟ್ಟುವವರಿಗೆ ಅದರ ಫಲ ಹೆಚ್ಚಾಗಿ ಸಿಕ್ಕುವದು. ಕರ್ತನ ಮೇಜಿಗೆ ಬರುವದಕ್ಕೆ ಸಿದ್ಧವಾಗುವ ಮಗುವು ಇನ್ನೊಬ್ಬರಿಗೋಸ್ಕರ ಮಣ್ಣು ಮುಟ್ಟಿ ಬರಬೇಕೆಂದು ಆ ಪಾದ್ರಿಗಳ ಅಭಿಪ್ರಾಯ. ದಾರಿ ಸರಿಮಾಡುವದೂ ಮರ ನೆಡುವದೂ ದೇವರ ಮೇಲಣ ಮತ್ತು ನೆರೆಯವನ ಮೇಲಣ ಪ್ರೀತಿಯಿಂದಲೇ ಆಗತಕ್ಕ ಕೆಲಸಗಳೆಂದು ಅವರು ಎಡೆಬಿಡದೆ ಕಲಿಸಿದರು.

ಅವರ ಸ್ವಂತ ಮನೆಯಲ್ಲಿಯೂ ಈ ಪಾಠವು ಕಣ್ಣಿಗೆ ಕಾಣುವಂತೆ ಇತ್ತು. ವರಮಾನದಲ್ಲಿ ಒಂದು ದಶಮಾಂಶವಲ್ಲ, ಮೂರನ್ನು ಅವರು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಎತ್ತಿಡುತ್ತಿದ್ದರು. ದೇವಾರಾಧನೆಯ ಕಾರ್ಯಗಳಿಗೆ ಒಂದು, ದಾರಿ ಶಾಲೆ ಮುಂತಾದ ಊರಿನ ಉಪಯೋಗಕ್ಕೆ ಒಂದು, ಬಡವರಿಗೆ ಒಂದು. ಬುದ್ಧಿವಂತರಾದ ಹುಡುಗರನ್ನು ಆರಿಸಿ ಸ್ಟ್ರಾಸ್‌ಬರ್ಗಿಗೆ ಕಳುಹಿಸಿ, ಬಡಗಿ, ಗೌಂಡಿ, ಕಮ್ಮಾರ, ಗಾಲಿ ಮಾಡುವವನು, ಕಿಟಕಿಗೆ ಗಾಜು ಕೂಡಿಸುವವನು, ಇವರ ಕಸಬುಗಳನ್ನು ಕಲಿಸಿದರು. ಕೆಲವು ಹೆಂಗಸರನ್ನು ಸೂಲಗಿತ್ತಿಯ ಕೆಲಸ ಕಲಿಯುವದಕ್ಕೆ ಕಳುಹಿಸಿದರು. ಇವರೆಲ್ಲರು ಪಟ್ಟಣದಲ್ಲಿಯೇ ನಿಂತುಬಿಡದೆ ಊರಿಗೆ ತಿರಿಗಿ ಬಂದು ಊರವರಿಗೆ ಉಪಯೋಗವಾಗಬೇಕೆಂಬದೇ ಅವರ ಆಶೆಯಾಗಿತ್ತು. ಊರಿನಿಂದ ಪಡಕೊಂಡದ್ದನ್ನು ಊರಿಗೆ ಹಿಂದಕ್ಕೆ ಕೊಡುವದೆಂದರೆ ಇದೇ.

ಈ ಪಾಠವು ಒಂದು ಮಗುವಿನಲ್ಲಿ ಎಷ್ಟು ಫಲಕೊಟ್ಟಿತೆಂಬದನ್ನು ಲೂಯೀಸ್ ಷೆಪ್ಲರ್ ಎಂಬವಳ ನಡತೆಯಿಂದ ತಿಳಿಯಬಹುದು. ಅವಳು 1763 ರಲ್ಲಿ ಬೆಲ್‌ಫೋಸ್ ಊರಿನ ಬಡ ರೈತರ ಮನೆಯಲ್ಲಿ ಹುಟ್ಟಿದವಳು. ಹದಿನೈದು ವರುಷದವಳಾಗಿದ್ದಾಗ ಪಾದ್ರಿಮನೆಗೆ ಕೆಲಸಕ್ಕೆ ಸೇರಿದಳು. ಅಮ್ಮನವರಿಂದ ಕಲಿತು ಕೂಸುಗಳ ಶಾಲೆಗಳಲ್ಲಿ ಸಹಾಯ ಮಾಡುತ್ತಿದ್ದಳು. ಚಳಿಗಾಲದಲ್ಲಿ ಹಿಮವನ್ನು ತುಳಿದುಕೊಂಡು ಊರಿಂದ ಊರಿಗೆ ನಡೆದುಹೋಗಿ, ಸಂಜೆಗೆ ದಣಿದು ತೊಯ್ದು ಬಂದು, ತಿರಿಗಿ ಮನೆಯ ಕೆಲಸಕ್ಕೆ ಕೈಹಾಕುವಳು. 1783 ರಲ್ಲಿ ಅಮ್ಮನವರು ಸಣ್ಣ ಮಕ್ಕಳನ್ನು ಬಿಟ್ಟು ಕರ್ತನಲ್ಲಿ ನಿದ್ರೆಹೋದಾಗ, ಲೂಯೀಸಳೇ ಆ ಮಕ್ಕಳಿಗೆ ತಾಯಿಯಂತಾದಳು. 1793 ನೇ ಹೊಸ ವರುಷದ ಬೆಳಿಗ್ಗೆ ಅವಳು ಪಾದ್ರಿಗಳಿಗೆ ಒಂದು ಕಾಗದ ಬರೆದು, ಇನ್ನು ಮೇಲೆ ತನಗೆ ಸಂಬಳ ಬೇಡ, ತನ್ನನ್ನು ಆ ಮನೆಯ ಮಗಳೆಂದು ಎಣಿಸಬೇಕು ಎಂದು ಬೇಡಿಕೊಂಡಳು. ಹಾಗೆಯೇ ಆಯಿತು.

ಆ ಕಾಲದಲ್ಲಿ ಫ್ರಾನ್ಸಿನಲ್ಲಿ ರಾಜ್ಯಕ್ರಾಂತಿಯು ನಡೆಯುತ್ತಿತ್ತು. ಆರಾಧನೆಗಳು ತಡೆಯಲ್ಪಟ್ಟವು. ಓಬರ್ಲೀನರ ಹಿರಿಯ ಮಗನು 1793 ರಲ್ಲಿ ಯುದ್ಧದಲ್ಲಿ ಮಡಿದನು. ಮರುವರುಷ ಅವರನ್ನೂ ಹಿಡಿದು ಸೆಲೆಸ್ತಾ ಪಟ್ಟಣಕ್ಕೆ ಒಯ್ದರು. ಆದರೆ ಅಧಿಕಾರದಲ್ಲಿದ್ದ ರೋಬೆಸ್ಪಿಯೇರನು ಬಿದ್ದುಹೋದದರಿಂದ ಬೇಗನೆ ಬಿಡುಗಡೆಯಾಗಿ ಬಂದರು. ಬಳಿಕ ಒಳ್ಳೇ ದಿನಗಳು ಬಂದವು. 1834 ರಿಂದ ನಮ್ಮ ಕನ್ನಡ ಸೀಮೆಯ ಸಭೆಗಳಿಗೆ ಯಾವ ಪಟ್ಟಣದ ಹೆಸರು ಪರಿಚಿತವಾಯಿತೋ ಆ ಬಾಸೆಲ್ ಪಟ್ಟಣದ ಲೆಗ್ರಾಂ ಎಂಬ ಧನಿಕರು 1813 ರ ಸುಮಾರಿನಲ್ಲಿ ತಮ್ಮ ನಾಡಾ ನೇಯುವ ಕೈಗಾರಿಕೆಯನ್ನು ಫೂದೇ ಊರಿಗೆ ತಂದು, ಮನೆಮನೆಯಲ್ಲಿ ನೇಯುವದಕ್ಕೆ ಕೆಲಸ ಕೊಟ್ಟರು. ಒಕ್ಕಲುತನವನ್ನು ವೃದ್ಧಿಪಡಿಸಿದ್ದಕ್ಕಾಗಿ ಪ್ಯಾರಿಸಿನ ಕೃಷಿ ಸಂಘದವರು 1818 ರಲ್ಲಿ ಓಬರ್ಲೀನರಿಗೆ ಬಂಗಾರದ ಪದಕವನ್ನು ಕೊಟ್ಟರು. ಅಷ್ಟರೊಳಗೆ ಊರ ಮಕ್ಕಳೂ ಮುದುಕರೂ ಅವರನ್ನು ಪಪ್ಪ ಓಬರ್ಲೀನ್ ಎಂದೇ ಕರೆಯುತ್ತಿದ್ದರು.

1826 ನೇ ಜೂನ್ 1 ರಂದು, ಎಂಭತ್ತೈದು ವರುಷದ ಪ್ರಾಯದಲ್ಲಿ, ಅವರು ತೀರಿಹೋದರು. ಫೂದೇ ಊರಿನ ಸ್ಮಶಾನಕ್ಕೆ ಅವರ ಶವವನ್ನು ಒಯ್ಯುವಾಗ ಸುತ್ತಣ ಊರುಗಳ ಕಥೋಲಿಕರೂ ಬಂದು ಸೇರಿದರು. ಸಮಾಧಿಯ ಮೇಲಣ ಕಬ್ಬಿಣದ ಶಿಲುಬೆಯಲ್ಲಿ ಪಪ್ಪ ಓಬರ್ಲೀನ್ ಎಂಬ ಆ ಹೆಸರೇ ಇದೆ. ಸಮುದ್ರದ ಆಚೆ ಅಮೇರಿಕದ ಒಹಾಯೋ ಸೀಮೆಯಲ್ಲಿ 1833 ರಲ್ಲಿ ಸ್ಥಾಪಿಸಿದ ಒಂದು ಊರಿಗೂ ವಿದ್ಯಾಶಾಲೆಗೂ ಅವರ ಹೆಸರನ್ನು ಇಟ್ಟರು.

ಪಾದ್ರಿಗಳ ಮಕ್ಕಳು ತಂದೆಯ ಆಸ್ತಿಯಲ್ಲಿ ಲೂಯೀಸಳಿಗೆ ಒಂದು ಪಾಲು ಕೊಡುವದಕ್ಕೆ ಬಂದಾಗ ಅವಳು ಒಲ್ಲೆನೆಂದಳು. ಓಬರ್ಲೀನ್ ಎಂಬ ಹೆಸರನ್ನು ತನ್ನ ಹೆಸರಿನೊಂದಿಗೆ ಸೇರಿಸಿಕೊಳ್ಳುವದಕ್ಕೆ ಅಪ್ಪಣೆ ಸಿಕ್ಕಿದರೆ ಸಾಕೆಂದಳು. 1829 ರಲ್ಲಿ ಪ್ಯಾರಿಸಿನ ಫ್ರೆಂಚ್ ಅಕಾಡೆಮಿಯ ಪಂಡಿತರು ಸದ್ಗುಣಕ್ಕೋಸ್ಕರ ಕೊಡುವ ಬಹುಮಾನವನ್ನು ಅವಳಿಗೆ ಗೊತ್ತುಮಾಡಿ 5000 ಫ್ರಾಂಕು ಕೊಟ್ಟರು. ಕೂಲಿಯವರ ಮನೆಯಲ್ಲಿ ಹುಟ್ಟಿ, ಜೀವಮಾನದಲ್ಲೆಲ್ಲಾ ಇನ್ನೊಬ್ಬರ ಮನೆಯಲ್ಲಿ ದುಡಿದು ಅರುವತ್ತೈದು ದಾಟಿದವಳಿಗೆ ಅಷ್ಟು ಹಣ! ಮುಪ್ಪಿನಲ್ಲಿ ಸುಖವಾಗಿ ಇರಬಹುದಾಗಿತ್ತು. ಅವಳು ಅದನ್ನು ಕಣಿವೆಯ ಕೂಸುಗಳ ಶಾಲೆಗಳಿಗೆ ಕೊಟ್ಟುಬಿಟ್ಟಳು. 1837 ರಲ್ಲಿ ಅವಳೂ ತೀರಿಹೋದಳು.

ಪ್ರಿಯರೇ, ನಾವು ಮೊದಲು ಕೇಳಿದ ಪ್ರಶ್ನೆಗೆ ಈ ಬಡ ಹೆಂಗಸಿನ ಕೈಯಲ್ಲಿ ಉತ್ತರವಿದೆ. ಮುಪ್ಪಿನಲ್ಲಿ 5000 ಫ್ರಾಂಕನ್ನು ಕೊಡುವದಕ್ಕೆ ಅವಳು ಹೇಗೆ ಶಕ್ತಳಾದಳು? ಹಣವಿಲ್ಲದ ಪ್ರಾಯದಲ್ಲಿ ಹಿಮದೊಳಗೆ ನಡೆಯುವದನ್ನು ಕಲಿತದ್ದರಿಂದಲೇ. ಐಶ್ವರ್ಯ ಬಂದ ಮೇಲೆ ಕಲಿಯೋಣವೆಂದು ಕಾದಿದ್ದರೆ, ಐಶ್ವರ್ಯ ಬಂದ ದಿನ ಕೈ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಮಕ್ಕಳ ಕೈಗಳು ಇನ್ನೂ ಮೃದುವಾಗಿವೆ. ಶಾಲೆಯ ಅಂಗಳವನ್ನು ಗುಡಿಸುವದು, ಮಳೆಗೆ ಕೊರೆದುಹೋದ ಕಾಲುದಾರಿಗೆ ಮಣ್ಣು ಹಾಕುವದು, ಕಣ್ಣು ಕಾಣದ ಅಜ್ಜಿಗೆ ಸತ್ಯವೇದ ಓದಿ ಹೇಳುವದು, ಒಂದು ಗಿಡ ನೆಟ್ಟು ಬೇಸಿಗೆಯಲ್ಲೆಲ್ಲಾ ಅದಕ್ಕೆ ನೀರು ಹೊರುವದು, ಇವುಗಳಿಗೆ ಕಾಸು ಬೇಡ. ಆದರೆ ಒಂದನ್ನು ಮರೆಯಬಾರದು. ಓಬರ್ಲೀನರು ಮಕ್ಕಳಿಗೆ ಎರಡು ಮರಗಳನ್ನು ಗೊತ್ತುಮಾಡುವದಕ್ಕೆ ಮುಂಚೆ ತಾವೇ ಗುಂಡಿ ತೋಡಿದ್ದರು. ಆದಕಾರಣ ಮಗುವಿನ ಕೈಗೆ ಗುದ್ದಲಿಯನ್ನು ಕೊಡುವ ತಂದೆತಾಯಿಗಳು ತಮ್ಮ ಕೈಯಲ್ಲಿಯೂ ಒಂದನ್ನು ಹಿಡಿದುಕೊಂಡು ಹೊರಡಲಿ.